ಕೊಟ್ಟಿಗೆಯ ಹಸುವಿಗೂ ನಡಿಗೆ ಬೇಕೆ? ಇಲಿಯ ಮಿದುಳಿನಿಂದ ತಿಳಿದ ಸಂಗತಿ

ತಾಳಗುಪ್ಪದ ಸುತ್ತಲಿನ ತೋಟದ ಮನೆಗಳಲ್ಲಿ ಹಿಂದೆ ಬೆಳಗಾದೊಡನೆ ದನಗಳ ಕಣ್ಣಿ ಬಿಚ್ಚಿ ಬ್ಯಾಣಕ್ಕೆ ಅಟ್ಟುವುದು ವಾಡಿಕೆಯಾಗಿತ್ತು. ಮಲೆನಾಡು ಗಿಡ್ಡ ಹಸುಗಳು ಸಂಜೆಗೆ ತಾವಾಗಿಯೇ ದಣಪೆಯ ಬಳಿ ಬಂದು ನಿಲ್ಲುತ್ತಿದ್ದವು. ಈಗ ಮಿಶ್ರತಳಿ ಹಸುಗಳು ಬಂದಿವೆ, ದನ ಕಾಯುವವರು ಸಿಗುವುದಿಲ್ಲ. ಎಷ್ಟೋ ಕೊಟ್ಟಿಗೆಗಳಲ್ಲಿ ಹಸುವು ವರ್ಷವಿಡೀ ಕಟ್ಟಿದಲ್ಲಿಯೇ ಇರುತ್ತದೆ. ಮೇವು, ಹಿಂಡಿ, ನೀರು ಎಲ್ಲವೂ ಬಾಯಿಗೇ ಬರುವಾಗ ಅದು ನಡೆಯಬೇಕೇಕೆ ಎಂದು ನೀವು ಕೇಳಬಹುದು.

ನಡಿಗೆಯಿಂದ ಕಾಲು ಗಟ್ಟಿಯಾಗುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಮಿದುಳಿಗೂ ಅದರಿಂದ ಪ್ರಯೋಜನವುಂಟೆಂದು ತೋರಿಸಿದ್ದು ಇಲಿಗಳ ಮೇಲಿನ ಪ್ರಯೋಗ. ಬೆನ್ನುನೋವಿಗೆ ಶಿವಮೊಗ್ಗಕ್ಕೆ ಹೋಗಿ ಎಂ.ಆರ್.ಐ. ಮಾಡಿಸಿಕೊಂಡವರು ನಿಮ್ಮೂರಿನಲ್ಲಿಯೂ ಇರಬಹುದು. ಆ ಯಂತ್ರವೊಂದು ಬಲವಾದ ಅಯಸ್ಕಾಂತ. ಶರೀರದಲ್ಲಿರುವ ನೀರಿನ ಜಲಜನಕದ ಕಣಗಳು ಅದರೊಳಗೆ ಒಂದು ದಿಕ್ಕಿಗೆ ಸಾಲುಗೂಡುತ್ತವೆ. ರೇಡಿಯೋ ಅಲೆ ಹಾಯಿಸಿದಾಗ ಸಾಲು ಕದಡಿ, ಮತ್ತೆ ಮೊದಲಿನಂತಾಗುವಾಗ ಸಂಕೇತ ಕೊಡುತ್ತವೆ. ಅದರಿಂದ ಒಳಗಿನ ಚಿತ್ರ ಮೂಡುತ್ತದೆ. ಕೊಯ್ಯುವುದು ಬೇಡ, ಕ್ಷಕಿರಣವೂ ಬೇಡ.

ಅಮೆರಿಕದ ಸಾಲ್ಕ್ ಸಂಸ್ಥೆಯವರು 1999ರಲ್ಲಿ ಚಕ್ರದ ಮೇಲೆ ಓಡುವ ಚಿಕ್ಕ ಇಲಿಗಳ ಮಿದುಳಿನಲ್ಲಿ ಹೊಸ ನರಕೋಶಗಳು ಹೆಚ್ಚು ಹುಟ್ಟುತ್ತವೆಂದು ಕಂಡುಕೊಂಡಿದ್ದರು. ಆದರೆ ಕೋಶಗಳನ್ನು ಎಣಿಸಬೇಕಾದರೆ ಇಲಿಯನ್ನು ಕೊಲ್ಲಲೇಬೇಕು. 2007ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಸ್ಮಾಲ್ ಮತ್ತು ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ಅವರ ತಂಡಗಳು ಕೂಡಿ ಬದುಕಿರುವ ಇಲಿಗಳಿಗೇ ಎಂ.ಆರ್.ಐ. ಮಾಡಿದವು. ಓಡಿದ ಇಲಿಗಳಲ್ಲಿ ನೆನಪಿಗೆ ಸಂಬಂಧಪಟ್ಟ ಹಿಪ್ಪೊಕ್ಯಾಂಪಸ್ ಭಾಗದ ಒಂದು ನಿರ್ದಿಷ್ಟ ಎಡೆಯಲ್ಲಿ ರಕ್ತದ ಪ್ರಮಾಣ ಏರಿತ್ತು. ಹೊಸ ಕೋಶ ಹುಟ್ಟುವ ಜಾಗವೂ ಅದೇ! ಮನುಷ್ಯರಲ್ಲಿ 2011ರ ಅಧ್ಯಯನವೊಂದರಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಲಾಯಿತು. ಒಂದು ವರ್ಷ ನಡಿಗೆ ಮಾಡಿದವರ ಹಿಪ್ಪೊಕ್ಯಾಂಪಸ್ ಸುಮಾರು ಶೇಕಡ 2ರಷ್ಟು ಬೆಳೆದಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಮುಪ್ಪಿನ ಇಲಿಗಳನ್ನು ಈಜಿಸಿ ಮಿದುಳಿನ ಮೇಲಾಗುವ ಪರಿಣಾಮವನ್ನು ಅಭ್ಯಸಿಸಿದ್ದಾರೆ.

ಇಲಿಯ ಲೆಕ್ಕವನ್ನು ಹಾಗೆಯೇ ಹಸುವಿಗೆ ಹಚ್ಚಬಾರದು. ಚಿತ್ರ ತೆಗೆಯುವಾಗ ಪ್ರಾಣಿ ಅಲುಗಬಾರದು. ಹಸುವಿಗೆ ಅರಿವಳಿಕೆ ಕೊಟ್ಟು ಮಲಗಿಸಿದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬರವಾಗುವ, ಮೆಲುಕಿನ ಮೇವು ಶ್ವಾಸನಾಳಕ್ಕೆ ಹೋಗುವ ಅಪಾಯವುಂಟು. ಆದ್ದರಿಂದ ಓಡಾಟದಿಂದ ಹಾಲು ಹೆಚ್ಚುತ್ತದೆಂದು ಈ ಚಿತ್ರಗಳ ಹೆಸರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹಸುವಿನ ಬಗ್ಗೆ ನೇರವಾದ ಆಧಾರ ಬೇರೆಯೇ ಇದೆ. ಸ್ವೀಡನ್ನಿನಲ್ಲಿ ಕಟ್ಟಿ ಸಾಕಿದ ಹಸುಗಳಿಗೆ ದಿನವೂ ನಡಿಗೆ ಮಾಡಿಸಿದಾಗ ಪಶುವೈದ್ಯರ ಚಿಕಿತ್ಸೆಯ ಅಗತ್ಯ ಕಡಿಮೆಯಾಯಿತೆಂದು 1993ರಲ್ಲಿ ಪ್ರಕಟವಾಗಿದೆ. ಬಿಟ್ಟ ಹಸು ಬೆದೆಗೆ ಬಂದದ್ದೂ ಬೇಗ ಗೊತ್ತಾಗುತ್ತದೆ.

ಹಾಗೆಂದು ಕಾಡಿಗೆ ಬಿಡುವುದು ನಮ್ಮ ಸೀಮೆಯಲ್ಲಿ ಬೇಡ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ದನಕ್ಕೆ ಆ ಕಾಯಿಲೆ ಬಾಧಿಸದು. ಆದರೆ ಬೆಳೆದ ಉಣುಗುಗಳು ದನದ ರಕ್ತ ಕುಡಿದು ಸಂತತಿ ಹೆಚ್ಚಿಸಿಕೊಳ್ಳುತ್ತವೆ, ದನದ ಮೈಯೇರಿ ಮನೆಯ ಹತ್ತಿರಕ್ಕೂ ಬರುತ್ತವೆ. ಮನುಷ್ಯನಿಗೆ ರೋಗ ಅಂಟಿಸುವುದು ಹೆಚ್ಚಾಗಿ ಸಣ್ಣ ಮರಿ ಉಣುಗು. ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ದನವನ್ನು ಕಾಡಿಗಟ್ಟದೆ, ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಚ್ಚಿರಿ.

ಆ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಹಸು ಅಲ್ಲಿಗೆ ಬಂದರೆ ಮನೆಯವರೇ ಬೈಯುತ್ತಾರೆ! ಕೊಯ್ಲಾದ ಗದ್ದೆಯಲ್ಲಿ ನಡೆಸಬಹುದು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಕಲ್ಲಿನ ಮೇಲೆ ನಡೆಸಬೇಡಿ. ಗಬ್ಬದ ಹಸು ಜಾರಿ ಬಿದ್ದರೆ ಕರುವಿಗೇ ಅಪಾಯ. ಹಾಲು ಕರೆದ ಕೂಡಲೇ ಅರ್ಧ ಗಂಟೆ ನಡೆಸುವುದು ಅನುಕೂಲ. ಆಗ ಮೊಲೆತೊಟ್ಟಿನ ರಂಧ್ರ ಇನ್ನೂ ತೆರೆದಿರುವುದರಿಂದ ಹಸು ಸಗಣಿಯ ಮೇಲೆ ಮಲಗದೆ ನಿಂತಿದ್ದಷ್ಟೂ ಕೆಚ್ಚಲು ಬಾವಿನ ಭಯ ಕಡಿಮೆ.