ಕೆಟ್ಟದಾಗಿ ನುಡಿಸಿದ್ರೆ ಪಿಟೀಲೇ ಯಾಕೆ ಅಷ್ಟು ಕರ್ಕಶ?

ಈ ವಾರದ ವಿಡಿಯೋದ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ಅಲ್ಲಿ ಅವಸರದಲ್ಲಿ ದಾಟಿಹೋದ ಒಂದೆರಡು ಲೆಕ್ಕಗಳನ್ನ ಇಲ್ಲಿ ನಿಧಾನವಾಗಿ ಹೇಳ್ತೀನಿ.

ಯಾರಾದ್ರೂ ತಲೆಬುಡ ಇಲ್ಲದೆ ಕೊರೀತಾ ಕೂತ್ರೆ ನಾವು 'ಪಿಟೀಲು ಕುಯ್ಯಬೇಡ ಮಾರಾಯ' ಅಂತೀವಿ. 'ವೀಣೆ ಮೀಟಬೇಡ' ಅಂತ ಯಾರೂ ಬೈಯಲ್ಲ. ಅಂದ್ರೆ ಯಾವ ವಾದ್ಯ ಕಲಿಯೋವಾಗ ಅಕ್ಕಪಕ್ಕದವರ ತಲೆ ತಿನ್ನತ್ತೆ ಅನ್ನೋದನ್ನ ನಮ್ಮ ಆಡುಮಾತು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಮನೆಯಿಂದಾನೇ. ನಾವಿರೋದು ಮಾನೇಸರ್‌ನಲ್ಲಿ. ಸುತ್ತಲೂ ಕಾರ್ಖಾನೆಗಳು, ಹಗಲು ರಾತ್ರಿ ಪಾಳಿ ಕೆಲಸ. ಎಂಟು ವರ್ಷದ ಮಗಳು ಮೈಸೂರಿನ ಒಬ್ಬರು ಮೇಡಂ ಹತ್ರ ಆನ್‌ಲೈನಲ್ಲಿ ಪಿಟೀಲು ಕಲೀತಾ ಇದ್ದಾಳೆ. ಬೇಸಿಗೆ ರಜೆಯಲ್ಲಿ ಒಂದು ಬೆಳಗ್ಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದ್ರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು. ನಗ್ತಾನೇ ಕೇಳಿದ್ರು, 'ಭಾಯ್ ಸಾಬ್, ಬಿಲ್ಲೀ ಪಾಲೀ ಹೈ ಕ್ಯಾ?' ಬೆಕ್ಕು ಸಾಕಿದ್ದೀರಾ ಅಂತ. ತಮಾಷೆಗೆ ಕೇಳಿದ್ದು. ಆದ್ರೆ ಒಳಗಿದ್ದ ಮಗಳಿಗೆ ಹಿಂದಿ ಚೆನ್ನಾಗಿ ಬರತ್ತೆ. ಪಿಟೀಲನ್ನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದವಳು ಒಂಬತ್ತು ದಿನ ತೆಗೀಲಿಲ್ಲ. 'ನಂಗೆ ಬರಲ್ಲ ಅಪ್ಪ' ಅಂದಳು. 'ಇಲ್ಲ ಪುಟ್ಟಿ, ಚೆನ್ನಾಗಿದೆ' ಅಂತ ಸುಳ್ಳು ಹೇಳೋಕೆ ಆಗ್ಲಿಲ್ಲ, ಯಾಕಂದ್ರೆ ಚೆನ್ನಾಗಿರಲಿಲ್ಲ. ಯಾಕೆ ಚೆನ್ನಾಗಿರಲ್ಲ ಅನ್ನೋದನ್ನಾದ್ರೂ ಸರಿಯಾಗಿ ಹೇಳೋಣ ಅಂತ ಓದೋಕೆ ಕೂತೆ.

ಯಾವುದೇ ವಾದ್ಯಕ್ಕೆ ಮೂರು ಪ್ರಶ್ನೆ ಕೇಳಿ. ಕೆಟ್ಟದಾಗಿ ನುಡಿಸಿದ್ರೆ ಅದು ಎಷ್ಟು ಕೆಟ್ಟದಾಗಿ ಕೇಳತ್ತೆ ಅಂತ ಅಂದಾಜು ಸಿಗತ್ತೆ.

ಮೊದಲನೇದು: ಸ್ವರದ ಜಾಗವನ್ನ ಯಾರು ಗೊತ್ತು ಮಾಡ್ತಾರೆ? ಹಾರ್ಮೋನಿಯಂನಲ್ಲಿ ಅದನ್ನ ತಯಾರು ಮಾಡಿದವನೇ ಗೊತ್ತು ಮಾಡಿರ್ತಾನೆ. ತಪ್ಪು ಮನೆ ಒತ್ತಿದ್ರೆ ತಪ್ಪು ಸ್ವರ ಬರತ್ತೆ, ಅಪಸ್ವರ ಬರಲ್ಲ. ವೀಣೆಯಲ್ಲಿ 24 ಮೆಟ್ಟಿಲು ಮೇಣದಲ್ಲಿ ಕೂತಿರ್ತವೆ, ಬೆರಳು ಕೊಂಚ ಆಚೀಚೆ ಆದ್ರೂ ಮೆಟ್ಟಿಲು ಕಾಪಾಡತ್ತೆ. ಪಿಟೀಲಲ್ಲಿ ಮೆಟ್ಟಿಲೇ ಇಲ್ಲ. ಪೂರ್ತಿ ಸೈಜಿನ ಪಿಟೀಲಿನಲ್ಲಿ ಮಿಡಿಯೋ ತಂತಿಯ ಉದ್ದ ಸುಮಾರು 33 ಸೆಂ.ಮೀ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 440 ಹರ್ಟ್ಸ್ ತಂತಿ ಹಿಡಿಯೋಣ. ತಂತಿಯ ತಲೆಭಾಗದ ಹತ್ರ ಬೆರಳು 3 ಮಿ.ಮೀ. ಜಾರಿದ್ರೆ ಸುಮಾರು 4 ಹರ್ಟ್ಸ್ ತಪ್ಪತ್ತೆ. ಅದೇ ಸ್ವರ ಪಕ್ಕದಲ್ಲಿ ಶ್ರುತಿಪೆಟ್ಟಿಗೆಯಲ್ಲಿ ನುಡೀತಾ ಇದ್ರೆ ಎರಡೂ ಜಗಳಕ್ಕೆ ಬಿದ್ದು, ಸೆಕೆಂಡಿಗೆ ನಾಲ್ಕು ಸಲ 'ವ್ವಾ ವ್ವಾ' ಅಂತ ಏರಿಳಿಯತ್ತೆ. ಮಕ್ಕಳ ಚಿಕ್ಕ ಪಿಟೀಲಲ್ಲಿ ತಂತಿ ಇನ್ನೂ ಗಿಡ್ಡ, ಹಾಗಾಗಿ ಅದೇ 3 ಮಿ.ಮೀ.ಗೆ ತಪ್ಪು ಇನ್ನೂ ದೊಡ್ಡದು.

ಎರಡನೇದು: ಆದ ತಪ್ಪು ತಾನಾಗಿ ಸಾಯತ್ತಾ? ವೀಣೆ, ಸಿತಾರ್, ಗಿಟಾರ್ ಎಲ್ಲ ಮೀಟಿ ಬಿಡೋ ವಾದ್ಯಗಳು. ಮೀಟಿದ ಕ್ಷಣದಿಂದ ನಾದ ಕಮ್ಮಿ ಆಗ್ತಾನೇ ಹೋಗತ್ತೆ, ತಪ್ಪೂ ಅದರ ಜೊತೆ ಕರಗತ್ತೆ. ಪಿಟೀಲಲ್ಲಿ ಕಮಾನು ಎಳೆಯುವಷ್ಟು ಹೊತ್ತೂ ತಂತಿಗೆ ಶಕ್ತಿ ಹೋಗ್ತಾನೇ ಇರತ್ತೆ. ಹಾಗಾಗಿ ತಪ್ಪು ಸ್ವರ ಕೂಡ ಅಷ್ಟೇ ಜೋರಾಗಿ, ಕಮಾನು ಮುಗಿಯೋವರೆಗೂ ಬದುಕಿರತ್ತೆ.

ಮೂರನೇದೇ ಅಸಲಿ ವಿಷಯ: ನಾದ ಅನ್ನೋದು ಹುಟ್ಟೋಕೇ ಎಷ್ಟು ಕಷ್ಟ? ಕಮಾನಿನ ಕುದುರೆಕೂದಲಿಗೆ ರೋಸಿನ್, ಅಂದ್ರೆ ರಾಳ, ಉಜ್ಜಿರ್ತೀವಿ. ಅದು ತಂತಿಯನ್ನ ಹಿಡಿದುಕೊಂಡು ಸ್ವಲ್ಪ ದೂರ ಎಳೆಯತ್ತೆ, ತಂತಿ ಬಿಡಿಸಿಕೊಂಡು ಹಿಂದಕ್ಕೆ ಜಾರತ್ತೆ, ಮತ್ತೆ ಹಿಡಿಯತ್ತೆ. 440 ಹರ್ಟ್ಸ್ ತಂತಿಯಲ್ಲಿ ಈ ಹಿಡಿ-ಜಾರು ಸೆಕೆಂಡಿಗೆ 440 ಸಲ, ಒಂದೂ ತಪ್ಪದೆ ನಡೀಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನ ಕಂಡುಹಿಡಿದ. ನಯವಾದ ನಾದ ಬರೋವಾಗ ತಂತಿಯಲ್ಲಿ ಒಂದು ಚೂಪಾದ ಮೂಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡ್ತಾ ಇರತ್ತೆ. ಆ ಮೂಲೆ ಒಂದು ಸುತ್ತು ಮುಗಿಸೋಷ್ಟರಲ್ಲಿ ತಂತಿ ಕಮಾನಿನಿಂದ ಒಂದೇ ಒಂದು ಸಲ ಜಾರಬೇಕು.

ಕಮಾನಿನ ಒತ್ತಡ ಕಮ್ಮಿ ಆದ್ರೆ ಒಂದು ಸುತ್ತಿಗೆ ಎರಡು ಮೂರು ಸಲ ಜಾರಿಬಿಡತ್ತೆ. ಆಗ ಬರೋದು ಪೊಳ್ಳು, ಕೀಚಲು ದನಿ. ನಮ್ಮನೆ ಬೆಕ್ಕು ಇದೇ! ಒತ್ತಡ ಜಾಸ್ತಿ ಆದ್ರೆ ಮೂಲೆ ಬಂದ್ರೂ ತಂತಿಗೆ ಬಿಡಿಸಿಕೊಳ್ಳೋಕಾಗಲ್ಲ, ಹಳೇ ಬಾಗಿಲು ಕಿರ್ರ್ ಅಂದ ಹಾಗೆ ಕೇಳತ್ತೆ. ಇವೆರಡರ ನಡುವಿನ ಕಿಂಡಿಯಲ್ಲಿ ಮಾತ್ರ ಸಂಗೀತ. ಈ ಕಿಂಡಿ ಒಂದೇ ಕಡೆ ನಿಲ್ಲೋದೂ ಇಲ್ಲ. ಕಮಾನು ಕುದುರೆಯ ಹತ್ರ ಹೋದಷ್ಟೂ ಕಿರಿದಾಗತ್ತೆ, ಕಮಾನಿನ ವೇಗ ಬದಲಾದ್ರೆ ಬೇಕಾದ ಒತ್ತಡವೂ ಬದಲಾಗತ್ತೆ. 1997ರಲ್ಲಿ ಗೆಟ್ಲರ್ ಮತ್ತು ಆಸ್ಕೆನ್‌ಫೆಲ್ಟ್ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಸ್ವರದ ಶುರುವಿನ ಗೊರಗೊರವನ್ನ ಕೇಳುಗರು ಸಹಿಸೋದು ಸುಮಾರು 50 ಮಿಲಿಸೆಕೆಂಡು, ಕೀಚಲನ್ನ ಸುಮಾರು 90. ಅಂದ್ರೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ!

ಸಾಲದ್ದಕ್ಕೆ ನಮ್ಮ ಕಿವಿ ಅತಿ ಚುರುಕಾಗಿರೋದು 2000ದಿಂದ 5000 ಹರ್ಟ್ಸ್ ನಡುವೆ. ಪಿಟೀಲಿನ ಕುದುರೆ ಎತ್ತಿಕೊಡೋ ಭಾಗವೂ ಅಲ್ಲೇ ಬರತ್ತೆ. ತಪ್ಪು ನೇರವಾಗಿ ಕಿವಿಯ ಸೂಕ್ಷ್ಮ ಜಾಗಕ್ಕೇ ಬಂದು ಚುಚ್ಚತ್ತೆ.

ಹಾಗಾದ್ರೆ ಓಲಗ? ನಾಗಸ್ವರವೂ ಈ ಪರೀಕ್ಷೆಯಲ್ಲಿ ಮೇಲಿನ ಸ್ಥಾನದಲ್ಲೇ ಇದೆ. ಉಸಿರು ಇರೋವರೆಗೂ ತಪ್ಪು ಬದುಕಿರತ್ತೆ, ತುಟಿ ಸಡಿಲಾದ್ರೆ ಶ್ರುತಿ ಜಾರತ್ತೆ, ಅದರ ಮೇಲೆ ಬಯಲಲ್ಲಿ ಕೇಳೋಕೆ ಅಂತಾನೇ ಮಾಡಿದ ಜೋರು ದನಿ. ಆದ್ರೂ ಅಲ್ಲಿ ರಂಧ್ರಗಳು ಒಂದು ಮಟ್ಟಕ್ಕೆ ದಾರಿ ತೋರಿಸ್ತವೆ. ಪಿಟೀಲಲ್ಲಿ ಅದೂ ಇಲ್ಲ.

ಇಷ್ಟೆಲ್ಲ ಕಷ್ಟ ಇದ್ದೂ ಕರ್ನಾಟಕ ಸಂಗೀತದವರು ಪಶ್ಚಿಮದ ಈ ವಾದ್ಯವನ್ನ 19ನೇ ಶತಮಾನದ ಶುರುವಲ್ಲಿ ಯಾಕೆ ಅಪ್ಪಿಕೊಂಡ್ರು? ಮೆಟ್ಟಿಲು ಇಲ್ಲ ಅನ್ನೋ ಕಾರಣಕ್ಕೇ. ಗಂಟಲು ಎಲ್ಲಿಗೆ ಹೋಗತ್ತೋ ಪಿಟೀಲೂ ಅಲ್ಲಿಗೆ ಹೋಗತ್ತೆ. ಗಮಕಕ್ಕೆ ಬೇಕಾದ್ದೇ ಅದು. ಹಾರ್ಮೋನಿಯಂ ಸ್ವರದಿಂದ ಸ್ವರಕ್ಕೆ ಜಾರಲ್ಲ, ಸೂಕ್ಷ್ಮ ಶ್ರುತಿ ಹಿಡಿಯಲ್ಲ ಅನ್ನೋ ಆಕ್ಷೇಪಕ್ಕೆ ಆಕಾಶವಾಣಿ 1940ರಲ್ಲಿ ಅದನ್ನ ನಿಷೇಧಿಸಿತ್ತು. ನಿಷೇಧ ಸಡಿಲ ಆಗೋಕೆ 1971 ಬರಬೇಕಾಯ್ತು. ಕಲಿಯುವವನನ್ನ ಕಾಪಾಡೋ ಆ ಮನೆಗಳೇ ಬಲ್ಲವರ ಕಣ್ಣಿಗೆ ಬೇಲಿಯಾಗಿ ಕಂಡಿದ್ವು. ನಮ್ಮ ಮೈಸೂರು ಟಿ. ಚೌಡಯ್ಯನವರಂತೂ ನಾಲ್ಕು ತಂತಿ ಸಾಲದು ಅಂತ ಏಳು ತಂತಿ ಹಾಕಿಕೊಂಡ್ರು. ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳ್ಲಿ ಅಂತ. ಜೋಡಿ ತಂತಿ ಅಂದ್ರೆ ತಪ್ಪಿಗೂ ಜೋಡಿ, ಯೋಚನೆ ಮಾಡಿ! ಬೆಂಗಳೂರಲ್ಲಿ ಅವರ ಹೆಸರಿನ ಸಭಾಂಗಣ ಇರೋದೂ ಪಿಟೀಲಿನ ಆಕಾರದಲ್ಲೇ.

ಓದ್ತಾ ನಂಗೆ ತುಂಬಾ ಖುಷಿ ಕೊಟ್ಟಿದ್ದು ಸಿ.ವಿ. ರಾಮನ್. 1917ರವರೆಗೆ ಅವರು ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ನೌಕರ. ಆಫೀಸಿನ ಆಚೀಚಿನ ಸಮಯದಲ್ಲಿ ಪ್ರಯೋಗ. ಕಮಾನು ತಾಗಿದ ತಂತಿ ಹೇಗೆಲ್ಲ ಕಂಪಿಸತ್ತೆ ಅಂತ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಬರೆದ್ರು, ಆಮೇಲೆ ಕಮಾನು ಎಳೆಯೋ ಯಂತ್ರ ಕಟ್ಟಿ ಎಷ್ಟು ಒತ್ತಡ ಬೇಕು ಅಂತ ಅಳೆದ್ರು. ಮುಂದೆ 1973ರಲ್ಲಿ ಶೆಲೆಂಗ್ ಅನ್ನೋರು ಕನಿಷ್ಠ, ಗರಿಷ್ಠ ಎರಡನ್ನೂ ಒಂದೇ ನಕ್ಷೆಯಲ್ಲಿ ಬಿಡಿಸಿ ಆ ಕಿಂಡಿಯನ್ನ ಕಣ್ಣಿಗೇ ಕಾಣಿಸಿದ್ರು.

ಆ ನಕ್ಷೆಯನ್ನೇ ಮಗಳಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಮೇಲೆ ಬಾಗಿಲು, ಕೆಳಗೆ ಬೆಕ್ಕು, ನಡುವೆ ಒಂದು ಓಣಿ. 'ನೀನು ಕೆಟ್ಟದಾಗಿ ನುಡಿಸ್ತೀಯ ಅಂತಲ್ಲ, ಓಣಿ ಸಣ್ಣದು. ಗೋಡೆಗೆ ತಾಗ್ತೀಯ, ಅಷ್ಟೇ' ಅಂದೆ. ಸ್ವಲ್ಪ ಹೊತ್ತು ನೋಡಿ, ಪೆಟ್ಟಿಗೆ ತೆಗೆದಳು. ಬೇಕಂತಲೇ ಬೆಕ್ಕು ಕೂಗಿಸಿದಳು, ಬೇಕಂತಲೇ ಬಾಗಿಲು ಕಿರಗುಟ್ಟಿಸಿದಳು. ಆಮೇಲೆ ನಡುವಿನದ್ದನ್ನ ಹುಡುಕಿದಳು.

ಪಕ್ಕದ ಮನೆಯವರ ಹತ್ರ ಪಾಳಿಯ ವೇಳಾಪಟ್ಟಿ ಕೇಳಿ ಬರ್ಕೊಂಡಿದ್ದೀವಿ. ಅವರು ಮಲಗೋ ಹೊತ್ತಲ್ಲಿ ಕುದುರೆಗೆ ರಬ್ಬರ್ ಮ್ಯೂಟ್ ಸಿಕ್ಕಿಸ್ತೀವಿ, ಅದರ ಭಾರಕ್ಕೆ ಕಂಪನ ಪೆಟ್ಟಿಗೆಗೆ ಅಷ್ಟಾಗಿ ಇಳಿಯಲ್ಲ. ಮೊನ್ನೆ ಅಭ್ಯಾಸದ ಮಧ್ಯೆ ಕೀಚಲು ಬಂತು. ನಾನು ಏನೂ ಅಂದಿರಲಿಲ್ಲ. ಅವಳೇ ತಲೆ ಎತ್ತದೆ 'ಬೆಕ್ಕು' ಅಂದು, ಕಮಾನನ್ನ ಒಂಚೂರು ಒತ್ತಿ ಮತ್ತೆ ಎಳೆದಳು.

ನಿಮ್ಮನೇಲೂ ಯಾರಾದ್ರೂ ಪಿಟೀಲು ಶುರು ಮಾಡಿದ್ರೆ ಬೈಯೋ ಮುಂಚೆ ಒಂದು ನಿಮಿಷ ಕೇಳಿ, ಅದು ಬೆಕ್ಕೋ ಬಾಗಿಲೋ ಅಂತ. ಮುಂದಿನ ವಾರ ಸಿಗೋಣ.