ನಾವಿಕರ ನಾಲಿಗೆ

ನೆಪೋಲಿಯನ್ ಬ್ರಿಟಿಷರಿಗೆ ಶರಣಾದದ್ದು 1815ರ ಜುಲೈ 15ರಂದು, 'ಬೆಲೆರೊಫಾನ್' ಎಂಬ ಯುದ್ಧನೌಕೆಯ ಮೇಲೆ. ಇದು ಚರಿತ್ರೆಯ ಪುಸ್ತಕದ ಮಾತು. ಆ ಹಡಗಿನಲ್ಲಿ ದುಡಿಯುತ್ತಿದ್ದವರನ್ನು ಕೇಳಿದ್ದರೆ, ಚಕ್ರವರ್ತಿ ಶರಣಾದದ್ದು 'ಬಿಲ್ಲಿ ರಫಿಯನ್' ಮೇಲೆ ಎನ್ನುತ್ತಿದ್ದರು. ಬೆಲೆರೊಫಾನ್ ಗ್ರೀಕ್ ಪುರಾಣದ ವೀರ. ರೆಕ್ಕೆಯ ಕುದುರೆ ಏರಿ ರಾಕ್ಷಸ ಮೃಗವನ್ನು ಕೊಂದವನು. ಹಡಗಿಗೆ ಹೆಸರಿಟ್ಟ ಲಂಡನ್ನಿನ ದೊರೆಗಳಿಗೆ ಗ್ರೀಕ್ ಪುರಾಣ ಗೊತ್ತಿತ್ತು, ಹಾಯಿಯ ಹಗ್ಗ ಎಳೆಯುವವರಿಗೆ ಅದು ಬೇಕಿರಲಿಲ್ಲ. ರಫಿಯನ್ ಎಂದರೆ ಪುಂಡ. ಪುರಾಣದ ವೀರ ಹೀಗೆ ಬಂದರಿನ ಪುಂಡ ಬಿಲ್ಲಿಯಾದ. ನೆಲ್ಸನ್ನನ ಅಚ್ಚುಮೆಚ್ಚಿನ 'ಅಗಮೆಮ್ನಾನ್' ಕೂಡ ಇದೇ ಬಾಯಿಗೆ ಸಿಕ್ಕಿ 'ಎಗ್ಸ್ ಅಂಡ್ ಬೇಕನ್' ಆಯಿತು. ಟ್ರಾಯ್ ಮೇಲೆ ದಂಡೆತ್ತಿ ಹೋದ ರಾಜ ಬೆಳಗಿನ ಮೊಟ್ಟೆ, ಹಂದಿಮಾಂಸದ ತಿಂಡಿಯಾದ!

ನಾವು ಲ್ಯಾಂಟರ್ನನ್ನು ಲಾಟೀನು ಮಾಡಿಕೊಂಡದ್ದು ಬಾಯಿಯ ಅನುಕೂಲಕ್ಕೆ. ನಾವಿಕರದು ಅಷ್ಟೇ ಅಲ್ಲ, ಅದರಲ್ಲಿ ಕೀಟಲೆಯೂ ಇದೆ. ಯುದ್ಧ ಬಂತೆಂದರೆ ಬಂದರಿನ ಬೀದಿಗಳಲ್ಲಿ ಆಳುಗಳನ್ನು ಬಲವಂತವಾಗಿ ಹಿಡಿದು ಹಡಗಿಗೆ ತುಂಬುತ್ತಿದ್ದ ಕಾಲ ಅದು. ತಪ್ಪಿದರೆ ಒಂಬತ್ತು ಎಳೆಯ ಚಾವಟಿ. ಅಧಿಕಾರಿಗೆ ಎದುರಾಡುವುದು ಅಪರಾಧ. ಹಡಗಿನ ಹೆಸರು ತಿರುಚುವುದು ಅಪರಾಧವಲ್ಲ.

ಅಧಿಕಾರಿಯ ಹೆಸರೂ ಉಳಿಯಲಿಲ್ಲವೆನ್ನಿ. ವೆಸ್ಟ್ ಇಂಡೀಸಿನಲ್ಲಿದ್ದ ಅಡ್ಮಿರಲ್ ಎಡ್ವರ್ಡ್ ವೆರ್ನನ್ 'ಗ್ರಾಗ್ರಮ್' ಎಂಬ ಒರಟು ಬಟ್ಟೆಯ ಕೋಟು ತೊಡುತ್ತಿದ್ದ. ನಾವಿಕರ ಬಾಯಲ್ಲಿ ಆತ 'ಮುದಿ ಗ್ರಾಗ್'. ಅಮಲಿನ ಹಾವಳಿ ತಡೆಯಲು 1740ರ ಆಗಸ್ಟಿನಲ್ಲಿ ಆತ ಒಂದು ಆಜ್ಞೆ ಹೊರಡಿಸಿದ: ದಿನದ ರಮ್ಮನ್ನು ಹಾಗೆಯೇ ಕೊಡಕೂಡದು, ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಬೇಕು. ಆ ತೆಳು ಪಾನೀಯಕ್ಕೆ ನಾವಿಕರು ನೀರು ಬೆರೆಸಿದವನ ಹೆಸರನ್ನೇ ಇಟ್ಟರು. ಇಂಗ್ಲಿಷಿನ 'ಗ್ರಾಗ್' ಹುಟ್ಟಿದ್ದು ಹೀಗೆ. ಅದನ್ನು ಕುಡಿದು ತೂರಾಡುವವ 'ಗ್ರಾಗಿ'. ಬ್ರಿಟಿಷ್ ನೌಕಾಪಡೆಯಲ್ಲಿ ದಿನದ ರಮ್ ನಿಂತದ್ದು 1970ರ ಜುಲೈ 31ರಂದು. ಕೆಲವರು ಅಂದು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡರು. ಅದೂ ತಮಾಷೆಯೇ, ಆದರೆ ಪೂರ್ತಿ ತಮಾಷೆಯಲ್ಲ.

ಈ ನಗೆ ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ ಊಟದ ಕಥೆ ಕೇಳಬೇಕು. ನೌಕಾಪಡೆಗೆ ಡಬ್ಬಿಯಲ್ಲಿಟ್ಟ ಮಾಂಸ ಬಂದಾಗ ನಾವಿಕರಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಇರಲು ಕಾರಣವೂ ಇರಲಿಲ್ಲ. 1852ರಲ್ಲಿ ಗಾಸ್‌ಪೋರ್ಟಿನ ಉಗ್ರಾಣದಲ್ಲಿ ಡಬ್ಬಿಗಳನ್ನು ಒಡೆದು ನೋಡಿದರೆ ಬಹುಪಾಲು ಕೊಳೆತ ಮಾಂಸ. ಮುಂದೆ 1867ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಆಲ್ಟನ್ ಪಟ್ಟಣದಲ್ಲಿ ಫ್ಯಾನಿ ಆಡಮ್ಸ್ ಎಂಬ ಎಂಟು ವರ್ಷದ ಹುಡುಗಿಯ ಕೊಲೆಯಾಯಿತು. ಕೊಂದವನು ದೇಹವನ್ನು ತುಂಡು ತುಂಡು ಮಾಡಿದ್ದ. ದೇಶವೆಲ್ಲ ನಡುಗಿತು. ಸರಿಸುಮಾರು ಅದೇ ಕಾಲಕ್ಕೆ ಹಡಗುಗಳಿಗೆ ಡಬ್ಬಿಯ ಕುರಿಮಾಂಸ ಬಂತು. ತಟ್ಟೆಯಲ್ಲಿ ಬಿದ್ದ ಚೂರುಗಳನ್ನು ನೋಡಿದ ನಾವಿಕರು, 'ಇದು ಫ್ಯಾನಿ ಆಡಮ್ಸಳೇ ಇರಬೇಕು' ಎಂದರು.

ಕ್ರೂರ ಮಾತು, ಮನೆಯಲ್ಲಿ ಮಕ್ಕಳಿದ್ದವರೂ ಆಡಿರಬಹುದಾದ ಮಾತು. ಬಾಯಿಗಿಡಲಾಗದ್ದನ್ನು ದಿನವೂ ತಿನ್ನಬೇಕಾದವರಿಗೆ ಅಳುವುದಕ್ಕಿಂತ ಇದು ಸುಲಭವಾಗಿತ್ತೇನೋ. ಆ ಹೆಸರು ಮಾಂಸಕ್ಕೆ ಅಂಟಿತು. ಖಾಲಿಯಾದ ದೊಡ್ಡ ಡಬ್ಬಿಗಳು ಪಾತ್ರೆಯಾದಾಗ ಅವೂ 'ಫ್ಯಾನಿ' ಆದವು. ನಿಸ್ಸಾರವಾದ ಮಾಂಸದ ಹೆಸರು ಕಡೆಗೆ 'ಏನೇನೂ ಇಲ್ಲ' ಎಂಬ ಅರ್ಥಕ್ಕೆ ತಿರುಗಿತು. 'ಸ್ವೀಟ್ ಫ್ಯಾನಿ ಆಡಮ್ಸ್' ಎಂದು ಇಂಗ್ಲಿಷರು ಈಗಲೂ ಹಾಗೆಯೇ ಬಳಸುತ್ತಾರೆ. ಜನರು ಚಂದಾ ಎತ್ತಿ ನಿಲ್ಲಿಸಿದ ಆ ಹುಡುಗಿಯ ಸಮಾಧಿಕಲ್ಲು ಆಲ್ಟನ್ನಿನಲ್ಲಿದೆ.