ವಿಜಯನಗರದಲ್ಲಿ ಅಬ್ದುರ್ ರಜಾಕನ ಮೊದಲ ದಿನಗಳು

ತೈಮೂರನ ಮಗನೂ ಹಿರಾತಿನ ಸುಲ್ತಾನನೂ ಆದ ಷಾರುಖನು 1442ರಲ್ಲಿ ಅಬ್ದುರ್ ರಜಾಕನೆಂಬ ವಿದ್ವಾಂಸನನ್ನು ದಕ್ಷಿಣ ಹಿಂದೂಸ್ಥಾನಕ್ಕೆ ರಾಯಭಾರಿಯನ್ನಾಗಿ ಕಳುಹಿಸಿದನು. ಈತನು ಹರ್ಮುಜಿನಿಂದ ಹಡಗನ್ನೇರಿ ಕಲ್ಲಿಕೋಟೆಯನ್ನು ಸೇರಿದನು. ಅಲ್ಲಿರುವಾಗ ಇಮ್ಮಡಿ ದೇವರಾಯನಿಂದ ಕರೆ ಬರಲು, ಮಂಗಳೂರು, ಬಿದನೂರುಗಳ ಮಾರ್ಗವಾಗಿ 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರಕ್ಕೆ ಬಂದನು. ಈತನು ಪಾರಸಿಯಲ್ಲಿ ರಚಿಸಿದ 'ಮತ್ಲ-ಉಸ್-ಸಾದೈನ್' ಎಂಬ ಚರಿತ್ರೆಯಿಂದ ಏಳು ಸುತ್ತಿನ ಕೋಟೆಯ ವರ್ಣನೆಯನ್ನು ಎತ್ತಿಕೊಳ್ಳುವುದು ವಾಡಿಕೆ. ಪರದೇಶಿಯೊಬ್ಬನು ಇಲ್ಲಿನ ನಿತ್ಯಜೀವನಕ್ಕೆ ಹೇಗೆ ಹೊಂದಿಕೊಂಡನೆಂಬುದಕ್ಕೂ ಅದೇ ಗ್ರಂಥವು ಆಧಾರವಾಗಿದೆ.

ಬಂದವನಿಗೆ ಎತ್ತರವಾದ ಒಂದು ಮನೆಯನ್ನು ಬಿಡಾರವಾಗಿ ಕೊಟ್ಟರು. ಕೆಲವು ದಿನಗಳಲ್ಲಿ ಅರಮನೆಯಿಂದ ಕರೆ ಬಂದಿತು. ಅರಸನು ಅವನನ್ನು ಹತ್ತಿರ ಕುಳ್ಳಿರಿಸಿಕೊಂಡು, ದುಭಾಷಿಯ ಮೂಲಕ ಮಾತನಾಡಿಸಿದನು. ಅದು ಕಡುಬೇಸಗೆ; ರಾಯಭಾರಿಯಾದರೋ ತನ್ನ ನಾಡಿನ ಮರ್ಯಾದೆಗೆ ತಕ್ಕಂತೆ ನಿಲುವಂಗಿಗಳನ್ನು ಒಂದರ ಮೇಲೊಂದು ತೊಟ್ಟಿದ್ದನು. ಅವನು ಬೆವರಿನಲ್ಲಿ ತೊಯ್ದುದನ್ನು ಕಂಡು ಅರಸನು ಮರುಗಿ, ತನ್ನ ಕೈಯಲ್ಲಿದ್ದಂತಹ ಬೀಸಣಿಗೆಯೊಂದನ್ನು ಕೊಡಿಸಿದನು. ಬಳಿಕ ಎರಡು ಕಟ್ಟು ವೀಳ್ಯ, 500 ಹಣಗಳ ಚೀಲ, ಸುಮಾರು 20 ಮಿಸ್ಕಾಲು ಕರ್ಪೂರ ಇವುಗಳನ್ನು ಕೊಟ್ಟು ಕಳುಹಿಸಿಕೊಟ್ಟರು. ವೀಳ್ಯವನ್ನಿತ್ತು ಬೀಳ್ಕೊಡುವುದು ಈ ನಾಡಿನವರಿಗೆ ಸಹಜವಾದ ಉಪಚಾರ. ಹೊರಗಿನವನಿಗೆ ಅದು ಹೊಸತು. ಆದುದರಿಂದಲೇ ಅವನು ಎಲೆ, ಅಡಕೆ, ಸುಣ್ಣಗಳನ್ನು ಕೂಡಿಸಿ ಮೆಲ್ಲುವ ಬಗೆಯನ್ನೂ ಅದರ ಗುಣಗಳನ್ನೂ ಸ್ವದೇಶದ ಓದುಗರಿಗಾಗಿ ವಿಸ್ತಾರವಾಗಿ ಬರೆದಿಟ್ಟನು.

ಊಟದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಷಾರುಖನ ನಾಡಿನಲ್ಲಿ ರಾಯಭಾರಿಯನ್ನು ಅರಸನ ಪಂಕ್ತಿಯಲ್ಲಿ ಕುಳ್ಳಿರಿಸಿ ಉಣಿಸುವುದು ಗೌರವದ ಲಕ್ಷಣ. ವಿಜಯನಗರದಲ್ಲಿ ಸಹಭೋಜನಕ್ಕೆ ಆಚಾರವು ಅಡ್ಡಿ. ಈ ತೊಡಕನ್ನು ದೇವರಾಯನು ಮರೆಮಾಚಲಿಲ್ಲ. ನಾವಿಬ್ಬರೂ ಕೂಡಿ ಉಣ್ಣುವಂತಿಲ್ಲವಾದುದರಿಂದ ಹೊನ್ನಿನ ಈ ಚೀಲವೇ ರಾಯಭಾರಿಗೆ ಮಾಡಿದ ಔತಣವೆಂಬ ಅಭಿಪ್ರಾಯವನ್ನು ತಿಳಿಯಪಡಿಸಿದನು. ದಿನವಹಿ ಪಡಿಯಾಗಿ ಎರಡು ಕುರಿ, ಎಂಟು ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಮತ್ತು ಎರಡು ವರಹಗಳು ಬಿಡಾರಕ್ಕೆ ಸಲ್ಲುತ್ತಿದ್ದುವು. ಹೀಗೆ ಅತಿಥಿಯು ತನ್ನ ಅಡಿಗೆಯನ್ನು ತನ್ನ ಪದ್ಧತಿಯಂತೆ ಮಾಡಿಸಿಕೊಳ್ಳಲು ಅನುಕೂಲವಾಯಿತು. ಆತಿಥೇಯನ ಆಚಾರಕ್ಕೂ ಭಂಗ ಬರಲಿಲ್ಲ. ವಾರಕ್ಕೆರಡು ಸಲ ಸಂಜೆಯ ಹೊತ್ತು ಅರಮನೆಗೆ ಕರೆ ಬರುತ್ತಿತ್ತು.

ಪೇಟೆಯ ವ್ಯವಹಾರಕ್ಕೆ ನಾಣ್ಯಗಳನ್ನರಿಯುವುದು ಅವಶ್ಯ. ಅವನ ಲೆಕ್ಕದಂತೆ ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಹಣ, ಹಣದ ಆರರಲ್ಲೊಂದು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ತಾಮ್ರದ ಜೀತಲ. ಈ ಎಣಿಕೆಯಲ್ಲಿ ಮೊದಲ ಭೇಟಿಯ 500 ಹಣಗಳು 25 ವರಹಗಳಾಗುತ್ತವೆ. ಬರವಣಿಗೆಯಲ್ಲಿ ಎರಡು ವಿಧಗಳನ್ನು ಕಂಡನು: ಒಂದು, ಓಲೆಯ ಮೇಲೆ ಕಂಠದಿಂದ ಕೊರೆಯುವುದು, ಮತ್ತೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದುಗಲ್ಲಿನಿಂದ ಬಿಳಿಯ ಅಕ್ಷರಗಳನ್ನು ಬರೆಯುವುದು. ಎರಡನೆಯದು ಕನ್ನಡಿಗರ ಕಡತ, ಬಳಪಗಳೇ ಎಂಬುದು ಸ್ಪಷ್ಟ. ನಾಡಿನವರು ಬಳಕೆಯ ಸಲಿಗೆಯಿಂದ ಹೇಳದೆ ಬಿಡಬಹುದಾದುದನ್ನು ಹೊಸಬನ ಕಣ್ಣು ಹೀಗೆ ಗುರುತಿಸಿತು.

ಆದರೆ ಹೊಸಬನ ನೆಲೆ ಭದ್ರವಾದುದಲ್ಲ. ಇವನು ಷಾರುಖನ ನಿಜವಾದ ರಾಯಭಾರಿಯಲ್ಲವೆಂದು ಹರ್ಮುಜಿನವರು ಗಾಳಿಸುದ್ದಿ ಹಬ್ಬಿಸಿದರು. ದಣ್ಣಾಯಕನು ದಂಡಯಾತ್ರೆಗೆ ಹೋಗಿದ್ದಾಗ ಅವನ ಸ್ಥಾನದಲ್ಲಿದ್ದ ಅಧಿಕಾರಿಯು ದಿನದ ಪಡಿಯನ್ನು ನಿಲ್ಲಿಸಿದನು. ದಣ್ಣಾಯಕನು ಹಿಂದಿರುಗಿದ ಮೇಲೆ ಟಂಕಸಾಲೆಯಿಂದ 7,000 ವರಹಗಳನ್ನು ಕೊಡಿಸಿ ಆ ಕೊರತೆಯನ್ನು ತುಂಬಿದನು. ಭಾಷೆಯನ್ನರಿಯದ, ಬಂಧುಗಳಿಲ್ಲದ ಪರದೇಶಿಗೆ ತಾನು ಇಂಥವನೆಂಬುದನ್ನು ಸಿದ್ಧಪಡಿಸಲು ಒಡೆಯನ ಪತ್ರವಲ್ಲದೆ ಬೇರೆ ಸಾಧನವಿರಲಿಲ್ಲ. ಸ್ವಂತ ಸೀಮೆಯವರೇ ಅದನ್ನು ಅಲ್ಲಗಳೆದಾಗ ನಿತ್ಯದ ಅನ್ನಕ್ಕೇ ಸಂಚಕಾರ ಬಂದಿತು.

ಮಹಾನವಮಿಯ ವೈಭವವನ್ನು ನೋಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಬ್ದುರ್ ರಜಾಕನು ಹೊರಟನು. ಅವನ ಬರಹದಲ್ಲಿ ಅತ್ಯುಕ್ತಿಗಳುಂಟು. ಆದರೂ ಪಡಿ, ವೀಳ್ಯ, ಹಣ, ಕಡತಗಳ ವಿಷಯದಲ್ಲಿ ಅವನಿಗೆ ಹಿಗ್ಗಿಸಿ ಹೇಳಲು ಕಾರಣವಿರಲಿಲ್ಲ. ಶಾಸನಗಳು ಸಾಮಾನ್ಯವಾಗಿ ದಾನಧರ್ಮಗಳನ್ನೂ ದಾನಿಗಳ ಕೀರ್ತಿಯನ್ನೂ ಹೇಳುತ್ತವೆ. ದಿನದ ಬಾಳುವೆಯನ್ನು ಅರಿಯಲೆಳಸುವವರು ಈ ಭಾಗಗಳನ್ನು ವಿಶೇಷವಾಗಿ ಪರಿಶೀಲಿಸಬೇಕು.